ಟವೆಲ್ಲಿನ ಕೆಳಗಿನ ವ್ಯಾಪಾರ

ಗುಡಗೇರಿಯ ದಲಾಲಿ ಕುಬೇರಪ್ಪನ ಹೆಗಲ ಮೇಲೆ ಕೆಂಪು ಅಂಚಿನ ಒಂದು ಟವೆಲ್ಲು ಸದಾ ಇರುತ್ತಿತ್ತು. ಅದಿಲ್ಲದೆ ಅವನು ಹೊಸ್ತಿಲು ದಾಟಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮುಖ ಒರೆಸಲು ಅದೇ, ಕಟ್ಟೆಯ ಧೂಳು ಜಾಡಿಸಲು ಅದೇ, ಬಿಸಿಲಿಗೆ ತಲೆಗೆ ಸುತ್ತಲೂ ಅದೇ. ಆದರೆ ಅದರ ನಿಜವಾದ ಕೆಲಸವಿದ್ದದ್ದು ದನದ ಸಂತೆಯಲ್ಲಿ. ಎತ್ತು ಮಾರುವವನ ಕೈಯ ಮೇಲೆ ಟವೆಲ್ಲು ಹರಡಿ, ಕೆಳಗಿನಿಂದ ತನ್ನ ಕೈ ತೂರಿಸಿ, ಅವನ ಬೆರಳು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಬೆಲೆ ಮಾತಾಡುತ್ತಿದ್ದ. ಬಾಯಲ್ಲಿ ಮಾತ್ರ ಮಳೆಯ ಸುದ್ದಿ, ಬೀಗರ ಸುದ್ದಿ. ಸುತ್ತ ನಿಂತವರು ಎಷ್ಟು ಕತ್ತು ಚಾಚಿದರೂ ವ್ಯಾಪಾರ ಎಲ್ಲಿಗೆ ಬಂತೆಂದು ಗೊತ್ತಾಗುತ್ತಿರಲಿಲ್ಲ. ಆ ಟವೆಲ್ಲನ್ನು ಮೂರನೆಯವನು ಎತ್ತುವಂತಿಲ್ಲ, ಅದು ಸಂತೆಯ ಕಟ್ಟಳೆ. ಒಮ್ಮೆ ಯಾರೋ ಕುಡಿದವನೊಬ್ಬ ತಮಾಷೆಗೆಂದು ಎತ್ತಿದ್ದಕ್ಕೆ ಕುಬೇರಪ್ಪ ಅವನನ್ನು ಸಂತೆಯ ಗಡಿ ದಾಟಿಸುವ ತನಕ ಬೈದಿದ್ದ.

ಅವನ ಬಳಿ ಇನ್ನೊಂದು ವಿದ್ಯೆಯೂ ಇತ್ತು. ಕೋಡಿಗೆ ಎಣ್ಣೆ ಹಚ್ಚಿ, ಮೈ ತಿಕ್ಕಿ ಎತ್ತನ್ನು ತಂದು ನಿಲ್ಲಿಸಿದರೆ ಉಳಿದವರು ಕೋಡು ನೋಡುತ್ತಿದ್ದರು, ಹಲ್ಲು ನೋಡುತ್ತಿದ್ದರು. ಕುಬೇರಪ್ಪ ತುಸು ದೂರ ನಿಂತು ಪಕ್ಕೆ ನೋಡುತ್ತಿದ್ದ. ಉಸಿರು ಎಳೆದಾಗ ಪಕ್ಕೆ ಒಳಗೆ ಸೇದಿಕೊಂಡಿತೋ, ಆ ಎತ್ತು ಎಷ್ಟೇ ಚೆಲುವಿರಲಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಈ ವಿಷಯದಲ್ಲಿ ತನ್ನನ್ನು ಏಮಾರಿಸುವವನು ಇನ್ನೂ ಹುಟ್ಟಿಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಅಂಥವನನ್ನು ಅವನ ಮನೆಯಲ್ಲೇ, ಅವನ ಮಡಿಲಲ್ಲೇ ಏಮಾರಿಸುವ ಆಸಾಮಿ ಬಂದು ಕುಳಿತಿತ್ತು. ಅದಕ್ಕೆ ಕೈಕಾಲಿರಲಿಲ್ಲ, ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

ಕುಬೇರಪ್ಪನ ಒಬ್ಬಳೇ ಮಗಳು ನಂದಾ. ಮಿಶ್ರಿಕೋಟಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ ಎರಡು ತಿಂಗಳಾಗುತ್ತ ಬಂದಿತ್ತು, ಮರುದಿನ ತೊಟ್ಟಿಲಿಗೆ ಹಾಕುವುದಿತ್ತು. ಅಂಗಳದಲ್ಲಿ ಪೆಂಡಾಲು ಎದ್ದಿತ್ತು. ಅಡಿಗೆಯವರಿಗೆ ಹೇಳಿಯಾಗಿತ್ತು. ಮಿಶ್ರಿಕೋಟಿಯಿಂದ ಬೀಗರು ಗಾಡಿ ಮಾಡಿಕೊಂಡು ಬರುವವರಿದ್ದರು. ಕುಬೇರಪ್ಪ ಊರಿನ ಅರ್ಧ ಜನಕ್ಕೆ ಬಾಯಾರೆ ಹೇಳಿ ಬಂದು, ಉಳಿದರ್ಧಕ್ಕೆ ಹೇಳಲು ಹೊರಟಿದ್ದ.

ಅದು ಹೆಸರುಕಾಳು ಬಿಡಿಸುವ ಹಂಗಾಮು. ಹೊಲದಲ್ಲಿ ಹಸಿ, ರಾಶಿಯಲ್ಲಿ ಧೂಳು, ಊರೆಲ್ಲ ಕೆಮ್ಮು. ಕುಬೇರಪ್ಪನೂ ಸಂತೆಯಿಂದ ಒಂದು ನೆಗಡಿ ಹೊತ್ತು ತಂದಿದ್ದ. ಸೀನುವುದು, ಟವೆಲ್ಲಿಗೆ ಮೂಗು ಒರೆಸುವುದು, ಮೊಮ್ಮಗಳ ಮೇಲೆ ನೊಣ ಕೂರಬಾರದೆಂದು ಅದೇ ಟವೆಲ್ಲನ್ನು ಹೊದಿಸುವುದು. ಕೂಸಿನ ಮೂಗಿಗೆ ಮೂಗು ತಾಗಿಸಿ 'ಯಾರವ್ವಾ ನೀ, ಯಾರವ್ವಾ' ಎಂದು ಮಾತಾಡಿಸದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದ. ಅವನ ನೆಗಡಿ ವಾರದೊಳಗೆ ಹೋಯಿತು. ಆಮೇಲೆ ಕೂಸಿಗೆ ಸಣ್ಣಗೆ ಮೂಗು ಕಟ್ಟಿತು.

ಅಂದು ಮಧ್ಯಾಹ್ನ ನಂದಾ ಕೋಣೆಯಿಂದಲೇ ಕೂಗಿದಳು.

"ಯಪ್ಪಾ, ಮುಂಜಾನಿಂದ ಕೂಸು ಹಾಲು ಕುಡಿವಲ್ದು. ಬಾಯಿ ಹಚ್ಚತೈತಿ, ಬಿಡತೈತಿ. ನನಗ್ಯಾಕೋ ಹೆದರಿಕಿ ಆಗಾಕತ್ತೈತಿ."

ಕುಬೇರಪ್ಪ ಒಳಗೆ ಬಂದ. ಅವನ ಹೆಂಡತಿ ರೇವವ್ವ ಕೂಸಿಗೆ ನೀರೆರೆದು, ಲೋಬಾನದ ಹೊಗೆ ತೋರಿಸಿ, ತಲೆಯಿಂದ ಪಾದದವರೆಗೆ ಇಳಿಬಿದ್ದ ಕುಂಚಿಗೆ ಹಾಕಿ, ಮೇಲೆ ಎರಡು ಬಟ್ಟೆ ಸುತ್ತಿ ಮಲಗಿಸಿದ್ದಳು. ಬಟ್ಟೆಯ ರಾಶಿಯಲ್ಲಿ ಅಂಗೈಯಗಲದ ಒಂದು ಮುಖ ಮಾತ್ರ ಕಾಣುತ್ತಿತ್ತು. ಕುಬೇರಪ್ಪ ಬೆರಳ ಹಿಂಬದಿಯಿಂದ ಅದರ ಹಣೆ ಮುಟ್ಟಿದ.

"ಜ್ವರಿಲ್ಲ, ಏನಿಲ್ಲ. ಅಗದಿ ತಣ್ಣಗೈತಿ. ಜ್ವರಿಲ್ಲದ ಬ್ಯಾನಿ ಎಂಥಾದ್ದು? ನಿನ್ನಿಂದ ಒಂದು ಸಲಾನೂ ಅತ್ತಿಲ್ಲ ಕೂಸು. ಎಷ್ಟು ಶಾಣ್ಯಾ ಐತಿ ನೋಡು. ನಿನ್ನಂಗ ಊರು ಎಬ್ಬಸೂದಿಲ್ಲ."

"ಬ್ಯಾನಿ ಇದ್ದ ಕೂಸು ಅಳದ ಇರತೈತೇನು? ದೃಷ್ಟಿ ಆಗಿರಬೇಕು, ಸಂಜಿಗೆ ತಗೀತೀನಿ" ಎಂದಳು ರೇವವ್ವ.

ನಂದಾ ಅಪ್ಪ ಆಚೆ ಹೋಗುವುದನ್ನೇ ಕಾದು ಗೆಳತಿಗೆ ಫೋನು ಹಚ್ಚಿದಳು.

ಗೆಳತಿ ರೂಬಿನಾ ಹಿಂದಿನ ಓಣಿಯ ಜುಲೇಖಾಬಿಯ ಮಗಳು. ಡಾಕ್ಟರ್ ಓದು ಮುಗಿಸಿ ಈಗ ಗುಡಗೇರಿಯ ಸರಕಾರಿ ಆಸ್ಪತ್ರೆಗೇ ಬಂದಿದ್ದಳು. ಚಿಕ್ಕಂದಿನಲ್ಲಿ ಅವಳೂ ನಂದಾಳೂ ಇದೇ ಕಟ್ಟೆಯ ಮೇಲೆ ಕುಬೇರಪ್ಪನ ಟವೆಲ್ಲು ಹಿಡಿದು ಪೇರಲ ಹಣ್ಣಿನ ವ್ಯಾಪಾರ ಆಡುತ್ತಿದ್ದರು. ಯಾವ ಬೆರಳು ಒತ್ತಿದರೆ ಎಷ್ಟು ಎಂದು ಅವನೇ ಇಬ್ಬರಿಗೂ ಕಲಿಸಿದ್ದ. ರೂಬಿನಾ ಆಟದಲ್ಲಿ ಬಲು ಗಟ್ಟಿ. ಮುಖದ ಮೇಲೆ ಒಂದು ಗೆರೆ ಅಲುಗಿಸದೆ ನಂದಾಳ ಪೇರಲ ಹಣ್ಣನ್ನೆಲ್ಲ ಹೊಡೆದುಕೊಂಡು ಹೋಗುತ್ತಿದ್ದಳು.

ಅವಳ ಸ್ಕೂಟಿ ಪೆಂಡಾಲಿನ ಕಂಬದ ಹತ್ತಿರ ನಿಂತಾಗ ಕುಬೇರಪ್ಪನಿಗೆ ಸಿಟ್ಟೇ ಬಂತು. ತೊಟ್ಟಿಲಿನ ಹಿಂದಿನ ದಿನ ಡಾಕ್ಟರು ಮನೆಗೆ ಬಂದರೆ ಊರು ಏನನ್ನುತ್ತದೆ? ಆದರೂ ನಗುತ್ತಲೇ ಎದುರು ಹೋದ.

"ಬಾರವಾ ಬಾ. ಆಮಂತ್ರಣ ನಾಳಿಗಿತ್ತು, ಇವತ್ತ ಬಂದೀ. ಹೋಳಿಗಿ ಇನ್ನಾ ಆಗಿಲ್ಲ."

"ಹೋಳಿಗಿ ನಾಳೆ ತಿಂತೀನ್ರಿ ಕಾಕಾ. ಕೂಸಿನ್ನ ತೋರಸ್ರಿ" ಎಂದು ರೂಬಿನಾ ಸೀದಾ ಒಳಗೆ ನಡೆದಳು. ಕೈ ತೊಳೆದು ಬಂದು ಕೂಸಿನ ಮುಖ ನೋಡಿದಳು, ಮೂಗಿನ ಹೊಳ್ಳೆ ನೋಡಿದಳು. ಅವಳ ನಗು ಹೊರಟುಹೋಯಿತು. "ಬಟ್ಟಿ ಬಿಚ್ಚರಿ."

"ಗಾಳಿ ಬಡೀತೈತಿ ಬೇ" ಎಂದು ರೇವವ್ವ ಕೂಸನ್ನು ಎದೆಗೆ ಒತ್ತಿಕೊಂಡಳು.

ಕುಬೇರಪ್ಪ ನಡುವೆ ಬಂದು ನಿಂತ. "ಏನ ಬ್ಯಾಡ. ಜ್ವರಿಲ್ಲ ಅದಕ್ಕ. ನೀ ಒಂದು ನೆಗಡಿ ಔಷಧ ಬರದಕೊಡು, ಮುಗೀತು. ನಾಳೆ ಬೀಗರು ಬರ್ತಾರ. ಕೂಸಿನ್ನ ಆಸ್ಪತ್ರಿಗೆ ಹಾಕೇವಿ ಅಂತ ಅವ್ರ ಮುಂದ ಯಾವ ಬಾಯಿಲೆ ಹೇಳ್ಲಿ?"

ಅಂಗಳದಲ್ಲಿ ಪೆಂಡಾಲಿನವರು ಕಿವಿ ನಿಮಿರಿಸಿದ್ದರು. ರೂಬಿನಾ ದನಿ ಏರಿಸಲಿಲ್ಲ. ಕುಬೇರಪ್ಪನ ಹೆಗಲಿನಿಂದ ಟವೆಲ್ಲು ಎಳೆದು ಅವನ ಕೈಯ ಮೇಲೆ ಹರಡಿ, ಅದರ ಕೆಳಗೆ ತನ್ನ ಕೈ ತೂರಿಸಿ ಅವನ ಬೆರಳು ಹಿಡಿದುಬಿಟ್ಟಳು. ಅವಳು ಪೇರಲ ಹಣ್ಣಿನ ಹುಡುಗಿಯಾಗಿದ್ದಾಗ ಹಿಡಿಯುತ್ತಿದ್ದಂತೆಯೇ. ಕುಬೇರಪ್ಪ ಬೆಪ್ಪಾಗಿ ನಿಂತ.

"ಹೇಳ್ರಿ ಕಾಕಾ. ಈಗ ಇದರ ಕೆಳಗ ಏನ ನಡದೈತಿ ಅಂತ ನಂದಾಗ ಕಾಣತೈತೇನು?"

"ಹೆಂಗ ಕಾಣಬೇಕು?"

"ಕಾಣೂದಿಲ್ಲ ಅಂದ್ರ ಏನೂ ನಡದಿಲ್ಲ ಅಂತೇನು?"

ಕುಬೇರಪ್ಪ ಟವೆಲ್ಲಿನ ಕಡೆ ನೋಡಿದ, ರೂಬಿನಾ ಮುಂದುವರಿಸಿದಳು.

"ಮೈಯಾಗಿನ ಒಂದೊಂದು ಜೀವಕೋಶಾನೂ ಒಂದೊಂದು ಮನಿ ಅಂತ ತಿಳೀರಿ. ಒಂದು ಮನಿಗೆ ಕಳ್ಳ ಹೊಕ್ಕರ ಆ ಮನಿಯವ್ರು ಒದರಬೇಕು. ಒದರಿದ್ರ ಬಾಜೂ ಮನಿಯವ್ರು ಬಾಗಲಾ ಹಾಕ್ಕೋತಾರ, ದೂರದವ್ರು ಬಡಿಗಿ ತಗೊಂಡು ಓಡಿ ಬರ್ತಾರ. ಆ ಒದರೂದಕ್ಕ ನಾವು ಇಂಟರ್‌ಫೆರಾನ್ ಅಂತೀವಿ. ಆದ್ರ ಈ ನೆಗಡಿಯೊಳಗ ಕೆಲವು ಶಾಣ್ಯಾ ವೈರಾಣು ಅದಾವ್ರಿ. ಮನಿ ಹೊಕ್ಕ ಕೂಡಲೇ ಅವು ಮಾಡೂ ಮೊದಲನೇ ಕೆಲಸ ಅಂದ್ರ ಮನಿಯವ್ರ ಬಾಯಿ ಮುಚ್ಚೂದು. ಹೊರಗ ಯಾರರ ಒದರಿದ್ರ ಕೇಳಬಾರದಂತ ಕಿವೀನೂ ಮುಚ್ಚತಾವು. ಆಮ್ಯಾಲ ಒಳಗ ಕುಂತು ಒಂದು ನೂರಾಗತಾವು, ನೂರು ಸಾವಿರ ಆಗತಾವು. ಅಷ್ಟೊತ್ತನಕಾ ಓಣಿಯೊಳಗ ಒಂದು ಸಪ್ಪಳಾ ಇರೂದಿಲ್ಲ. ಜ್ವರ ಅಂದ್ರ ಮೈ ಒದರಿದ್ದು. ಇಷ್ಟು ಸಣ್ಣ ಕೂಸಿಗೆ ಮೊದಲ ಒದರೂ ತಾಕತ್ತು ಕಡಿಮಿ. ಒದರವಲ್ದು ಅಂದ್ರ ಕಳ್ಳ ಇಲ್ಲ ಅಂತಲ್ರಿ."

ನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಕುಬೇರಪ್ಪ ತಗ್ಗಿದ ದನಿಯಲ್ಲಿ ಕೇಳಿದ.

"ಹಂಗಾರ ಗೊತ್ತಾಗೂದು ಹೆಂಗ?"

"ನೀವ ಹೇಳ್ರಿ. ಎತ್ತಿನ ಮೈ ಮುಟ್ಟಿ ವ್ಯಾಪಾರ ಮಾಡತೀರೇನು ನೀವು? ಏನ ನೋಡತೀರಿ?"

ಕುಬೇರಪ್ಪ ಕೈ ಬಿಡಿಸಿಕೊಂಡು ಟವೆಲ್ಲನ್ನು ಹೆಗಲಿಗೆ ಹಾಕಿದ. ಅವನು ರೇವವ್ವನ ಎದೆಯ ಮೇಲಿನ ಬಟ್ಟೆಯ ಗಂಟಿನ ಕಡೆ ನೋಡಿದ. ಎಂಥ ಎತ್ತು ಬಂದರೂ ಮೈಮೇಲೆ ಹೊದಿಸಿದ ಜೂಲು ತೆಗೆಸಿ ಪಕ್ಕೆ ನೋಡದೆ ಮಾತಿಗೆ ಇಳಿಯದ ಮನುಷ್ಯ ಅವನು. ಸ್ವಂತ ಮೊಮ್ಮಗಳನ್ನು ಇಷ್ಟು ದಿನ ಹಣೆ ಮುಟ್ಟಿ ನೋಡಿದ್ದ, ಅಷ್ಟೇ.

"ಇಲ್ಲಿ ಕೊಡು" ಎಂದ ಹೆಂಡತಿಗೆ.

ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ ಅವನೇ ಬಟ್ಟೆ ಬಿಚ್ಚಿದ. ಮೇಲಿನದು ಬಿಚ್ಚಿದ, ಒಳಗಿನದು ಬಿಚ್ಚಿದ, ಕುಂಚಿಗೆಯ ಕಸಿಯ ಗಂಟು ಬಿಚ್ಚಿದ. ಕೊನೆಗೆ ಅಂಗಿ ಮೇಲೆ ಸರಿಸಿದ.

ಬೇರೆ ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ. ಪುಟ್ಟ ಎದೆಗೂಡಿನ ಕೆಳಗೆ ಉಸಿರು ಉಸಿರಿಗೂ ಹೊಟ್ಟೆಯ ಮೇಲ್ಭಾಗ ಕುಳಿ ಬೀಳುತ್ತಿತ್ತು. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ಇಡೀ ಮೈ ಉಸಿರೊಂದಕ್ಕೇ ದುಡಿಯುತ್ತಿತ್ತು. ಅಳದಿದ್ದದ್ದು ಶಾಣ್ಯಾತನವಲ್ಲ, ಅಳಲು ಅದರ ಬಳಿ ಉಸಿರು ಉಳಿದಿರಲಿಲ್ಲ. ಸಂತೆಯಲ್ಲಾದರೆ ಅಷ್ಟು ದೂರದಿಂದಲೇ ಹಿಡಿದುಬಿಡುತ್ತಿದ್ದ.

"ಯವ್ವಾ ನನ್ನ ಕೂಸಽ" ಎಂದ ಕುಬೇರಪ್ಪ. ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ತಿರುಗಿದ. "ಹೋಗೂಣು ನಡೀರಿ. ಏನ ನೋಡಾಕತ್ತೀರಿ, ಹೋಗೂಣು!"

ರೂಬಿನಾ ಆಗಲೇ ಆ್ಯಂಬುಲೆನ್ಸಿಗೆ ಫೋನು ಮಾಡಿದ್ದಳು. ಅದು ಬರುವಷ್ಟರಲ್ಲಿ ತನ್ನ ಆಸ್ಪತ್ರೆಯಿಂದ ಆಮ್ಲಜನಕದ ಸಣ್ಣ ಸಿಲಿಂಡರು ತರಿಸಿ ಕೂಸಿನ ಮೂಗಿಗೆ ಹಚ್ಚಿದಳು. ಗಾಡಿ ಹತ್ತುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಮನ್ಯಾಗ ಮೊದಲ ನೆಗಡಿ ಯಾರಿಗೆ ಬಂದಿತ್ತು?"

ರೇವವ್ವ ಗಂಡನ ಕಡೆ ನೋಡಿದಳು. ನಂದಾ ಅಪ್ಪನ ಕಡೆ ನೋಡಲಿಲ್ಲ, ಅದು ಅವನಿಗೆ ಇನ್ನೂ ಹೆಚ್ಚು ಚುಚ್ಚಿತು. ಕುಬೇರಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು, ಹಾವು ಹಿಡಿದವನ ಹಾಗೆ ದೂರ ಹಿಡಿದು, ಅಂಗಳದ ಮೂಲೆಗೆ ಎಸೆದ.

ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಕುಬೇರಪ್ಪ ಆ್ಯಂಬುಲೆನ್ಸಿನ ಬಾಗಿಲಲ್ಲಿ ನಿಂತು ರೈಲಿಗೇ ಬೈದ. ಗೇಟು ಎದ್ದ ಮೇಲೆ ಬೀಗರಿಗೆ ಫೋನು ಮಾಡಿದ. ಯಾವ ಬಾಯಿಂದ ಹೇಳಲಿ ಎಂದಿದ್ದವನು ಅದೇ ಬಾಯಿಂದ ಹೇಳಿದ.

"ಬೀಗರ, ನಾಳೆ ತೊಟ್ಟಿಲಿಲ್ಲರಿ. ಕೂಸಿಗೆ ಉಸಿರಾಟದ ತ್ರಾಸ ಆಗೈತಿ, ಹುಬ್ಬಳ್ಳಿಗೆ ಒಯ್ಯಾಕತ್ತೀವಿ. ನನ್ನ ನೆಗಡಿ ಹತ್ತೈತಿ. ತಪ್ಪು ನಂದ."

ಆ ಕಡೆಯಿಂದ ಮಿಶ್ರಿಕೋಟಿಯ ಬೀಗರು ಹೇಳಿದ್ದು ಇಷ್ಟೇ. "ತೊಟ್ಟಿಲಿಗೇನ ಅವಸರೈತ್ರಿ. ಕೂಸಿನ್ನ ನೋಡ್ಕೋರಿ. ಗೌರೀಶ ಈಗ ಗಾಡಿ ಹತ್ತತಾನ." ಗೌರೀಶ ನಂದಾಳ ಗಂಡ. ಅವನು ಇವರಿಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನ ದ್ರವ ತೆಗೆದು ಪರೀಕ್ಷೆ ಮಾಡಿದರು. ಆರ್‌ಎಸ್‌ವಿ ಎಂಬ ವೈರಾಣು ಎಂದರು. ಮೂಗು ಸ್ವಚ್ಛ ಮಾಡಿ, ಆಮ್ಲಜನಕ ಹಚ್ಚಿ, ನಂದಾಳ ಹಾಲನ್ನೇ ಸಣ್ಣ ನಳಿಗೆಯಿಂದ ಹೊಟ್ಟೆಗೆ ಬಿಡತೊಡಗಿದರು. ಕುಬೇರಪ್ಪ ಮಕ್ಕಳ ಡಾಕ್ಟರನ್ನು ಅಡ್ಡಗಟ್ಟಿ ನಿಂತ.

"ಸಾಹೇಬ್ರ, ದೊಡ್ಡ ಸೂಜಿ ಇದ್ರ ಹಾಕ್ರಿ. ಯಾವುದಿದ್ರೂ ಹಾಕ್ರಿ. ನಾ ಇಲ್ಲ ಅನ್ನಾಂವಲ್ಲ."

"ಇದನ್ನ ಕೊಲ್ಲೋ ಸೂಜಿ ಇಲ್ಲ ಅಜ್ಜಾರ. ನಾವು ಉಸಿರು ಹಿಡಕೊಂಡಿರ್ತೀವಿ. ಗೆಲ್ಲೋದು ಕೂಸಿನ ಮೈನೇ ಗೆಲ್ಲಬೇಕು."

ಚೌಕಾಸಿಗೆ ಜಾಗವೇ ಇಲ್ಲದ ವ್ಯಾಪಾರವನ್ನು ಕುಬೇರಪ್ಪ ತನ್ನ ಜೀವಮಾನದಲ್ಲಿ ಮೊದಲ ಸಲ ಕಂಡ. ಮರುದಿನ, ಅಂದರೆ ತೊಟ್ಟಿಲು ಆಗಬೇಕಿದ್ದ ದಿನ, ಕೂಸಿನ ಸ್ಥಿತಿ ಇನ್ನೂ ಬಿಗಡಾಯಿಸಿತು. ಮೂಗಿಗೆ ದಪ್ಪ ಕೊಳವೆ ಬಂತು, ಯಂತ್ರ ಬಂತು. ವರಾಂಡದ ಬೆಂಚಿನ ಮೇಲೆ ಬರಿ ಹೆಗಲಿನಲ್ಲಿ ಕುಳಿತ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಸಂಜೆ ರೂಬಿನಾ ಡ್ಯೂಟಿ ಮುಗಿಸಿ ಗುಡಗೇರಿಯಿಂದ ಬಂದು ಪಕ್ಕದಲ್ಲಿ ಕುಳಿತಳು.

"ಅದೇ ಕಳ್ಳ ನನ್ನ ಮೈಯಾಗ ಹೊಕ್ಕಿದ್ದ. ನನಗ ನಾಕ ಸೀನು, ಕೂಸಿಗೆ ಈ ಗತಿ. ಯಾಕ ಹಂಗ?" ಎಂದು ಕೇಳಿದ.

"ನಿಮ್ಮ ಮೈ ಈ ಕಳ್ಳನ್ನ ಹಿಂದ ಎಷ್ಟೋ ಸಲ ನೋಡೈತ್ರಿ ಕಾಕಾ. ಗುರುತ ಹಿಡದು ಹೊರಗ ಹಾಕ್ತು. ಕೂಸು ಇದ ಮೊದಲ ಸಲ ನೋಡಾಕತ್ತೈತಿ."

"ಬಾಯಿ ಮುಚ್ಚಿದ ಮ್ಯಾಲ ಇನ್ನ ಒದರಾವ್ರು ಯಾರು? ಎಲ್ಲಾ ಅದರ ಕೈಯಾಗ ಹೋದಂಗ ಆತಲ್ಲಾ."

"ಇಲ್ರಿ. ಅದು ಹೊಕ್ಕ ಮನಿಯವ್ರ ಬಾಯಿ ಮುಚ್ಚಬಹುದು. ಓಣ್ಯಾಗ ತಿರಗೂ ಕಾವಲಿನವ್ರ ಬಾಯಿ ಮುಚ್ಚಾಕ ಆಗೂದಿಲ್ಲ. ಅಂಥಾ ಜೀವಕೋಶಾನೂ ಮೈಯಾಗ ಅದಾವು. ಅವು ಹೊರಗ ಬಿದ್ದ ಚೂರು ಪಾರು ಆರಿಸಿ ನೋಡಿ, ಏ ಇಲ್ಲಿ ಕಳ್ಳ ಅದಾನ ಅಂತ ಸುದ್ದಿ ಒಯ್ತಾವು. ತಡಾ ಆಗತೈತಿ, ಆದ್ರ ಒಯ್ತಾವು. ನಂದಾನ ಹಾಲಿನ್ಯಾಗೂ ಬಲ ಹೊಂಟೈತಿ. ಕಳ್ಳ ಗೆದ್ದಿದ್ದು ಬರೇ ಮೊದಲನೇ ದಾವು."

ಕುಬೇರಪ್ಪ ಗಾಜಿನ ಕಿಟಕಿಯಿಂದ ಒಳಗೆ ನೋಡಿದ. ಕೂಸಿನ ಮೈಮೇಲೆ ಒಂದೂ ಬಟ್ಟೆ ಇರಲಿಲ್ಲ, ಪಕ್ಕೆ ಎಷ್ಟು ದೂರದಿಂದಲೂ ಕಾಣುತ್ತಿತ್ತು. ಅವತ್ತಿನಿಂದ ಅವನು ಆ ಕಿಟಕಿ ಬಿಟ್ಟು ಅಲುಗಲಿಲ್ಲ. ಯಂತ್ರದ ಮೇಲಿನ ಅಂಕಿ ಅವನಿಗೆ ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕುಳಿ ಆಳವಾದರೆ ಅವನ ಮುಖ ಬಾಡುತ್ತಿತ್ತು, ತುಸು ತುಂಬಿದರೆ ಅರಳುತ್ತಿತ್ತು. ನಂದಾ ಯಂತ್ರ ನೋಡುವುದು ಬಿಟ್ಟು ಅಪ್ಪನ ಮುಖ ನೋಡತೊಡಗಿದಳು.

ಒಂದು ಬೆಳಗ್ಗೆ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕುಬೇರಪ್ಪ ಕಣ್ಣು ಕಿರಿದು ಮಾಡಿ, ತಲೆ ವಾರೆ ಮಾಡಿ, ಬಹಳ ಹೊತ್ತು ನೋಡಿದ. ಪಕ್ಕೆ ಎದ್ದೇಳುತ್ತಿತ್ತು, ಇಳಿಯುತ್ತಿತ್ತು. ಒಳಗೆ ಸೇದಿಕೊಳ್ಳುತ್ತಿರಲಿಲ್ಲ.

"ನಂದಾ, ಕುಳಿ ಹೋತು" ಎಂದ. "ಕುಳಿ ಹೋತಬೇ!"

ಡಾಕ್ಟರು ರೌಂಡಿಗೆ ಬಂದು ಕೊಳವೆಯನ್ನು ಸಣ್ಣದು ಮಾಡಿದರು, ಆಮೇಲೆ ತೆಗೆದೇಬಿಟ್ಟರು. ನರ್ಸಮ್ಮ ಮೂಗಿನ ಪಟ್ಟಿ ಕಿತ್ತಳು. ಪಟ್ಟಿ ಕಿತ್ತ ನೋವಿಗೆ ಕೂಸು ಬಾಯಿ ತೆರೆಯಿತು, ಮುಖ ಕೆಂಪಾಯಿತು, ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅತ್ತಿತು. ಅಂಥ ಅಳು! ಇಡೀ ವಾರ್ಡಿನ ಕೂಸುಗಳು ಎದ್ದವು, ಆಚೆ ಬದಿಯ ಕಂಪೌಂಡರು ಇಣುಕಿ ನೋಡಿದ. ಗೌರೀಶ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ. ಕುಬೇರಪ್ಪನಿಗೆ ಒರೆಸಿಕೊಳ್ಳಲು ಟವೆಲ್ಲಿರಲಿಲ್ಲ, ಕಣ್ಣೀರು ಮೀಸೆಯ ಮೇಲೇ ಹರಿಯಿತು. ಅದನ್ನು ಮುಚ್ಚಿಡುವ ಮನಸ್ಸೂ ಅವನಿಗಿರಲಿಲ್ಲ.

ತೊಟ್ಟಿಲು ಮುಂದಿನ ತಿಂಗಳು ಆಯಿತು. ಅದೇ ಪೆಂಡಾಲು, ಅದೇ ಬೀಗರು, ಆದರೆ ಬಾಗಿಲಲ್ಲಿ ಒಂದು ಬಕೆಟ್ಟು ನೀರು, ಒಂದು ಸೋಪು, ಪಕ್ಕದಲ್ಲಿ ಕುಬೇರಪ್ಪ. ಕೈ ತೊಳೆಯದೆ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಸೀನಿದವರಿಗೆ ಕ್ಷಮೆಯೇ ಇರಲಿಲ್ಲ.

"ನೆಗಡಿ ಇದ್ದವ್ರು ಪೆಂಡಾಲಿನ್ಯಾಗ ಕುಂದರ್ರಿ. ಹೋಳಿಗಿ ಅಲ್ಲೇ ಬರ್ತಾವು, ತುಪ್ಪಾನೂ ಬರತೈತಿ. ಕೂಸು ಮಾತ್ರ ಬರೂದಿಲ್ಲ."

"ಜ್ವರಿಲ್ಲರಿ ದಲಾಲರ, ಬರೇ ಮೂಗು ಸೋರತೈತಿ" ಎಂದ ಯರಗುಪ್ಪಿಯಿಂದ ಬಂದ ಹಳೆಯ ಗಿರಾಕಿಯೊಬ್ಬ.

"ಜ್ವರಿಲ್ಲ ಅನ್ನೂ ಮಾತು ನನ್ನ ಮುಂದ ತಗೀಬ್ಯಾಡ!" ಎಂದು ಕುಬೇರಪ್ಪ ಗುಡುಗಿದ ರಭಸಕ್ಕೆ ಅವನು ತಾನಾಗಿಯೇ ಹೋಗಿ ಪೆಂಡಾಲಿನ ತುದಿಯ ಕುರ್ಚಿ ಹಿಡಿದ. ರೂಬಿನಾ ಜುಲೇಖಾಬಿಯ ಜೊತೆ ಕೈ ತೊಳೆಯುತ್ತ ನಿಂತು ನಗು ತಡೆಯಲಾರದೆ ಒದ್ದಾಡಿದಳು.

ನಂದಾಳ ನಾದಿನಿ ಕೂಸಿನ ಕಿವಿಯಲ್ಲಿ ಅಮೃತಾ ಎಂದು ಹೆಸರು ಕೂಗಿದಳು. ಕುಬೇರಪ್ಪ ತೊಟ್ಟಿಲಿನ ಹತ್ತಿರ ಬಂದು ತೋರುಬೆರಳು ಚಾಚಿದ. ಕೂಸು ಅದನ್ನು ಗಪ್ಪನೆ ಹಿಡಿದುಕೊಂಡಿತು. ಎಳೆದರೂ ಬಿಡಲೊಲ್ಲದು.

"ಏನ್ರಿ ಮಾವಾರ, ಟವೆಲ್ಲಿಲ್ಲದ ವ್ಯಾಪಾರ ನಡಸೀರಿ?" ಎಂದು ನಾದಿನಿ ಚೇಷ್ಟೆ ಮಾಡಿದಳು.

"ಇದಕ್ಕ ಟವೆಲ್ ಬ್ಯಾಡವಾ" ಎಂದ ಕುಬೇರಪ್ಪ, ಹಿಡಿದ ಬೆರಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ. "ನೋಡ್ರಿ, ಎಲ್ಲಾರೂ ನೋಡ್ರಿ. ಎಂಥಾ ಹಿಡಿ ಐತಿ ನೋಡ್ರಿ."

ಅಷ್ಟು ಜನರ ಗದ್ದಲಕ್ಕೆ ಕೂಸು ಮುಖ ಸಿಂಡರಿಸಿ, ಬಾಯಿ ತೆರೆದು, ದೊಡ್ಡ ದನಿ ತೆಗೆದು ಅಳತೊಡಗಿತು. ರೇವವ್ವ ಸಮಾಧಾನ ಮಾಡಲು ಧಾವಿಸಿ ಬಂದಳು. ಕುಬೇರಪ್ಪ ಇನ್ನೊಂದು ಕೈ ಅಡ್ಡ ಹಿಡಿದ.

"ಒದರಲಿ ಬಿಡಬೇ" ಎಂದ. "ಊರಿಗೆಲ್ಲಾ ಕೇಳಲಿ."